ಒಂದು ಮನೆಗೆ ಒಂದೇ ಬಿಲ್ಲೆ

ಸಾಂಗಲಿಯ ವಿಶ್ರಾಮಬಾಗದ ಆ ಸಭಾಂಗಣದಲ್ಲಿ ಸುಮನ ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು. ಇಷ್ಟು ವರ್ಷ ಆಕೆಯ ಜಾಗ ಹಿಂದಿನ ಬಾಗಿಲ ಹತ್ತಿರ, ಚಹಾದ ಕಿಟ್ಲಿಯ ಪಕ್ಕ. ಕುಳಿತ ಮೇಲೆಯೇ ಕಾಲುಗಳು ಎಷ್ಟು ನೋಯುತ್ತಿವೆ ಎಂಬುದು ಗೊತ್ತಾಯಿತು.

ಕೃಷ್ಣಾಕಾಠ ಸೇವಾ ಮಂಡಳಕ್ಕೆ ಅಂದು ಐವತ್ತು ವರ್ಷ ತುಂಬಿತ್ತು. ಅಧ್ಯಕ್ಷ ರಾವಸಾಬ ಕಾಕಾ ಪರದೆಯ ಮೇಲೆ ಚಿತ್ರ ತೋರಿಸುತ್ತ ಇತಿಹಾಸ ಹೇಳುತ್ತಿದ್ದರು. ಹೊಳೆ ಊರೊಳಗೆ ಬಂದಾಗ ಸಾಂಗಲಿಯ ಅರಿಶಿನ ಪೇಟೆಯ ಕೆಲವು ವರ್ತಕರು ನಿರಾಶ್ರಿತರಿಗೆ ಅನ್ನ ಹಾಕಿದ್ದು, ಆಮೇಲೆ ಮಿರಜಿಗೆ, ಕಸಬೆ ಡಿಗ್ರಜಕ್ಕೆ, ಕವಲಾಪುರಕ್ಕೆ ಶಾಖೆಗಳು ಹಬ್ಬಿದ್ದು. ಚಿತ್ರದಲ್ಲೆಲ್ಲ ಗಂಡಸರು, ಎದೆಯ ಮೇಲೆ ಸದಸ್ಯತ್ವದ ಹಿತ್ತಾಳೆಯ ಬಿಲ್ಲೆ. ಅನ್ನ ಬಡಿಸಿದವರು ಕಾಣುತ್ತಿದ್ದರು. ಬೇಯಿಸಿದವರು ಒಬ್ಬರೂ ಇಲ್ಲ. ಅನ್ನ ತಾನಾಗಿಯೇ ಬೆಂದಿತ್ತೇನೋ.

ಸುಮನಳ ಗಂಡ ಮಹಾಲಿಂಗಪ್ಪ ಮಿರಜ ಶಾಖೆಯ ಸದಸ್ಯನಾಗಿದ್ದ. ಆತ ತೀರಿಕೊಂಡಾಗ ಮನೆಯ ಬಿಲ್ಲೆಯೂ ಹೋಯಿತು. ಉಪ್ಪಿಟ್ಟಿನ ಪಾತೇಲಿ ಮಾತ್ರ ಆಕೆಯ ಕೈಯಲ್ಲೇ ಉಳಿಯಿತು. ಕಣ್ಣಿನ ಶಿಬಿರವಿರಲಿ, ರಕ್ತದಾನವಿರಲಿ, ಮಂಡಳದವರೆಲ್ಲರ ಅತ್ತಿಗೆ ಸುಮನವೈನಿಗೆ ಫೋನ್ ಬರುತ್ತಿತ್ತು. ಸದಸ್ಯತ್ವ ಕೇಳಿದರೆ ನಗುತ್ತಿದ್ದರು: ವೈನಿ ನಮ್ಮ ಮನೆಯವರೇ ಅಲ್ಲವೇ, ಬಿಲ್ಲೆ ಯಾತಕ್ಕೆ?

ನಗದವನು ಒಬ್ಬನೇ, ಕಾರ್ಯದರ್ಶಿ ಧರಣೇಂದ್ರ. ಜೈನರ ಮನೆಯವನು, ಮದುವೆಯನ್ನು ಮುಂದೂಡುತ್ತಲೇ ಐವತ್ತರ ಹತ್ತಿರ ಬಂದವನು. ಅವನಿಗಾಗಿ ಸುಮನ ಪ್ರತಿ ಶಿಬಿರದಲ್ಲೂ ಉಳ್ಳಾಗಡ್ಡಿ ಹಾಕದ ಉಪ್ಪಿಟ್ಟನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡುತ್ತಿದ್ದಳು. ಯಾರೂ ಹೇಳಿರಲಿಲ್ಲ. ಅವನು ಡಬ್ಬಿಯನ್ನು ತೊಳೆದು, ಒರೆಸಿ ತರುತ್ತಿದ್ದ. ಕೊಡುವಾಗ ನೋಟ ಡಬ್ಬಿಯಿಂದ ಆಕೆಯ ಬೆರಳಿಗೆ, ಬೆರಳಿನಿಂದ ಮುಖಕ್ಕೆ ಏರಿ, ಸಿಕ್ಕಿಬಿದ್ದ ಕಳ್ಳನಂತೆ ಕೆಳಗಿಳಿಯುತ್ತಿತ್ತು. ಮುಚ್ಚಳ ಮಾತ್ರ ಯಾವಾಗಲೂ ಮರೆತಿರುತ್ತಿದ್ದ. ಮತ್ತೊಮ್ಮೆ ಬರಲು ಒಂದು ನೆಪ ಬೇಕಲ್ಲ.

ಸಮಿತಿಯೊಂದಿಗೆ ವರ್ಷಗಟ್ಟಲೆ ಜಗಳಾಡಿ ಆಕೆಯ ಸದಸ್ಯತ್ವಕ್ಕೆ ಒಪ್ಪಿಗೆ ಪಡೆದವನು ಅವನೇ. ಆದರೆ ಕಸಬೆ ಡಿಗ್ರಜದ ಶಿಬಿರ ಮುಗಿದು, ಇಬ್ಬರೂ ಎರಡು ಕಡೆ ಹಿಡಿದು ಪಾತೇಲಿಯನ್ನು ಟೆಂಪೋಕ್ಕೆ ಎತ್ತುವಾಗ ಕೇಳಿಬಿಟ್ಟಿದ್ದ.

"ಒಂದ ಮನ್ಯಾಗ ಇರೂಣೇನ್ರಿ, ಸುಮನ?"

ವೈನಿ ಎನ್ನದೆ ಅವನು ಕರೆದದ್ದು ಅದೇ ಮೊದಲು. ಆಕೆ ಪಾತೇಲಿ ಬಿಡಲಿಲ್ಲ. ಮಂಡಳದ ಹಳೆಯ ಕಟ್ಟಳೆ ಆಕೆಗೆ ಬಾಯಿಪಾಠ: ಒಂದು ಮನೆಗೆ ಒಂದೇ ಬಿಲ್ಲೆ.

"ಬಿಲ್ಲೆ ನಿಮ್ಮ ಎದಿ ಮ್ಯಾಲೆ ಇರ್ತೈತಿ. ನಾ ಮತ್ತ ಸದಸ್ಯರ ಮನಿಯಾಕಿ. ಇನ್ನೊಬ್ಬರ ಬಾಗಲದಿಂದ ಒಳಗ ಬರೂದು ಸಾಕಾಗೇತ್ರಿ ನನಗ."

"ಮನಸ್ಸಿಲ್ಲೇನು?"

"ಮನಸ್ಸೈತಿ. ಅದಕ್ಕಿಂತ ದಣಿವು ಜಾಸ್ತಿ ಐತಿ."

ಅಂದಿನಿಂದ ಡಬ್ಬಿ ಮುಚ್ಚಳದ ಸಮೇತ ಮರಳತೊಡಗಿತ್ತು.

ರಾವಸಾಬ ಕಾಕಾ ಈಗ ಹೊಸ ಸದಸ್ಯರ ಹೆಸರು ಕರೆದರು. ದಿವಂಗತ ಮಹಾಲಿಂಗಪ್ಪನವರ ಪತ್ನಿ ಎಂದು ಶುರು ಮಾಡಿದವರು, ಧರಣೇಂದ್ರ ಕೆಮ್ಮಿದ ಮೇಲೆ, ಬರೀ ಸುಮನ ಎಂದು ಮುಗಿಸಿದರು. ಬಿಲ್ಲೆ ಚುಚ್ಚುವುದು ಹೆಸರು ಸೂಚಿಸಿದವನ ಕೆಲಸ. ಪಿನ್ನು ಸೆರಗಿನ ಮೇಲೆ ನಿಲ್ಲಲೊಲ್ಲದು. ಬಿಲ್ಲೆ ಮಾಡಿಸಿದವರ ಮನಸ್ಸಿನಲ್ಲಿ ಕೋಟಷ್ಟೇ ಇತ್ತು. ಧರಣೇಂದ್ರ ಎರಡು ಸಲ ಚುಚ್ಚಿ ನೋಡಿದ. ಆಕೆಯೇ ಸೆರಗಿನ ಮಡಿಕೆಯನ್ನು ಬಿಗಿಯಾಗಿ ಹಿಡಿದುಕೊಟ್ಟಳು.

ಚುಚ್ಚಿ ಮುಗಿಸಿದವನು ತನ್ನ ಕೋಟಿನ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಹೇ ಕಾಯ, ಧರಣೇಂದ್ರ? ಏನಿದು?" ರಾವಸಾಬ ಕಾಕಾ ಗಾಬರಿಯಲ್ಲಿ ಮರಾಠಿಗೆ ಜಾರಿದರು.

"ಒಂದ ಮನಿಗೆ ಒಂದ ಬಿಲ್ಲೆ ಅಲ್ರಿ, ಕಾಕಾ. ಅವರು ಹೂಂ ಅಂದ್ರ, ನಮ್ಮ ಮನಿದು ಅವರ ಕಡೆ ಇರ್ಲಿ."

"ಅನ್ನಲಿಲ್ಲಂದ್ರ?" ಕಾಕಾ ಕೇಳಿದರು.

"ಆಗೂ ಅವರ ಕಡೇನ ಇರ್ಲಿ."

ಸಭೆಯೆಲ್ಲ ಪರದೆ ಬಿಟ್ಟು ಆಕೆಯ ಕಡೆ ತಿರುಗಿತು. ಸುಮನಳ ಮುಖಕ್ಕೆ ನಗು ಬರಲು ತಡವಾಯಿತು. ದಣಿದ ಮೈಯಲ್ಲಿ ಅದೂ ಏದುಸಿರು ಬಿಡುತ್ತಲೇ ಮೇಲೆ ಬರಬೇಕಿತ್ತು.

"ಸದಸ್ಯರ ಮನಿಯವರು ಉಪ್ಪಿಟ್ಟು ಮಾಡೂದು ಪದ್ಧತ್ರಿ," ಎಂದಳು. "ಬರೂ ರವಿವಾರ ಕವಲಾಪುರದ ಶಿಬಿರಕ್ಕ ನೀವು ಮಾಡ್ರಿ. ಉಳ್ಳಾಗಡ್ಡಿ ಹೆಚ್ಚಾಕ ಬರ್ತೈತೇನು?"

"ಇನ್ನೂತನಾ ಮುಟ್ಟಿಲ್ರಿ. ಕಣ್ಣೀರ ಬರ್ತಾವಂತಲ್ಲ."

"ಬರ್ಲಿ. ಇಷ್ಟು ವರ್ಷ ನಮಗ ಬಂದಾವು." ಆಕೆ ತನ್ನ ಕುರ್ಚಿಗೆ ಮರಳುತ್ತ, ಅವನಿಗಷ್ಟೇ ಕೇಳುವಂತೆ ಹೇಳಿದಳು: "ನಾ ಬಾಜೂಕ ಕುರ್ಚಿ ಹಾಕ್ಕೊಂಡು ಕುಂದರ್ತೇನಿ."