ಪೂರ್ವಕ್ಕೆ ಇಟ್ಟ ಚೀಲ

ದಿನಾಂಕ 13-11-2025, ಗುರುವಾರ, ಬೆಳಿಗ್ಗೆ 10.40ಕ್ಕೆ ಬೈಲಹೊಂಗಲ ಠಾಣೆಗೆ ಚನ್ನವ್ವ ಎಂಬ ಹೆಣ್ಣುಮಗಳು ಬಂದಳು. ಹೊಲಿಗೆ ಮಷಿನ್ನು ಬಿಟ್ಟು ಎದ್ದವಳು ಹಾಗೇ ಬಂದಿದ್ದಳು. ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಎಎಸ್‌ಐ ಸೋಮಪ್ಪನ ಮೇಜಿನ ಮೇಲೆ ಮೊಬೈಲ್ ಇಟ್ಟು, “ಸಾಹೇಬ್ರ, ಮೊದ್ಲ ಇದನ್ನ ಕೇಳ್ರಿ” ಎಂದಳು.

ಅವಳ ಮಗ ಸಂಜುವಿನ ದನಿ. ಪಿಸುಮಾತು.

“ಅವ್ವಾ, ಕೆಲಸಾ ಥಾಯ್ಲೆಂಡಿನ್ಯಾಗ ಅಂದಿದ್ರು. ಹೊಳಿ ದಾಟಿಸಿ ಮ್ಯಾನ್ಮಾರಕ್ಕ ತಂದಾರ. ಮಂದಿಗೆ ಫೋನ್ ಹಚ್ಚಿ ಮೋಸಾ ಮಾಡಸ್ತಾರ. ಒಲ್ಲೆ ಅಂದ್ರ ಕರೆಂಟ್ ಕೊಡ್ತಾರ. ಸೋಮವಾರ ನಮ್ಮನ್ನ ಬ್ಯಾರೆ ಕಡೆ ಮಾರತಾರಂತ. ಈ ಜಾಗಾದ ಹೆಸರ ನಂಗ ಗೊತ್ತಿಲ್ಲ.”

ಇನ್ಸ್‌ಪೆಕ್ಟರ್ ರಂಜನಾ ಒಳಗಿನಿಂದ ಬಂದು ಎರಡು ಸಲ ಕೇಳಿದರು.

“ಕಳಿಸಿದವರು ಯಾರು?”

“ಮಧು ಸರ್ ಅಂತ್ರಿ. ಮಾರಿ ನೋಡಿಲ್ಲ. ಫೋನಿನ್ಯಾಗ ಅಷ್ಟ.”

“ಹೋದದ್ದು ಯಾವಾಗ?”

“ಅಕ್ಟೋಬರ್ ಹದಿಮೂರು, ಸೋಮವಾರ. ರವಿವಾರನ ಪ್ರಸ್ಥಾನ ಇಟ್ಟಿದ್ವಿರಿ.”

ಮಧು ಸರ್ ಬರೆದು ಕಳಿಸಿದ್ದ, ಮಡಿಚಿದ ಕಾಗದವೊಂದನ್ನು ಅವಳು ತೆಗೆದು ಕೊಟ್ಟಳು. ಬೆಂಗಳೂರು, ಕೌಲಾಲಂಪುರ, ಬ್ಯಾಂಕಾಕ್. ಅಲ್ಲಿಂದ ಕಾರಿನಲ್ಲಿ ಎಂಟು ತಾಸು, ಗಡಿಯ ಊರು. ಪ್ರತಿ ಊರಿನ ಕೆಳಗೆ ‘ಪ್ರಯಾಣ’, ‘ವಿಶ್ರಾಂತಿ’, ‘ದರ್ಶನ’ ಎಂದು ಮೂರು ಸಾಲು. ವಿಮಾನ ನಿಲ್ದಾಣದಲ್ಲಿ ಏನು ಹೇಳಬೇಕೆಂಬುದೂ ಇತ್ತು: ಬುದ್ಧನ ಗುಡಿ ನೋಡಲು ಹೊರಟಿದ್ದೇನೆ, ಏಳನೆಯ ದಿನ ತಿರುಗಿ ಬರುತ್ತೇನೆ. ಬರವಣಿಗೆ ಬಲು ಅಚ್ಚುಕಟ್ಟು. ಕೊನೆಯ ಸಾಲಿಗೆ ಬಂದು ಸೋಮಪ್ಪ ಕಾಗದವನ್ನು ಕೆಳಗಿಟ್ಟ. ದರ್ಶನವೆಂಬ ಮಾತನ್ನು ಅವನು ದಿನವೂ ಪೂಜೆಯಲ್ಲಿ ಬಳಸುವವನು.

ಎಫ್‌ಐಆರ್ ದಾಖಲಾಯಿತು: ಮಾನವ ಕಳ್ಳಸಾಗಣೆ, ವಂಚನೆ. ರಂಜನಾ ಮ್ಯಾನ್ಮಾರಿನಲ್ಲಿರುವ ಭಾರತದ ರಾಯಭಾರ ಕಚೇರಿಗೆ ಫೋನ್ ಮಾಡಿದರು. ಆ ಗಡಿಹೊಳೆಯ ದಂಡೆಯುದ್ದಕ್ಕೂ ಹೀಗೆ ಜನರನ್ನು ಕೂಡಿಹಾಕುವ ಎತ್ತರದ ಗೋಡೆಯ ಕೋಟೆಗಳು ಹತ್ತಾರು, ಹೆಸರು ಸಿಗದೆ ಹುಡುಕುವುದೆಲ್ಲಿ ಎಂದು ಉತ್ತರ ಬಂತು. ಸೋಮವಾರದೊಳಗೆ ಹೆಸರು ಬೇಕು. ಹೆಸರು ಬಲ್ಲವನು ಮಧು ಸರ್ ಒಬ್ಬನೇ. ಅವನ ನಂಬರು ವಿದೇಶದ್ದು, ಬಂದ್ ಆಗಿತ್ತು.

ಶುಕ್ರವಾರ ಸಂಜೆ ಚನ್ನವ್ವನ ಹೇಳಿಕೆಯನ್ನು ಮತ್ತೆ ಓದುತ್ತಿದ್ದ ಸೋಮಪ್ಪ ಒಂದು ಸಾಲಿನ ಮೇಲೆ ಬೆರಳಿಟ್ಟ.

“ಮೇಡಂ, ಈ ಪ್ರಸ್ಥಾನದ ಮಾತು ನೋಡ್ರಿ.”

“ಹಾಗಂದ್ರೆ?” ರಂಜನಾ ಮಂಗಳೂರಿನ ಕಡೆಯವರು.

“ಸೋಮವಾರ, ಶನಿವಾರ ಮೂಡಲಕ್ಕ ಹೋಗಬಾರದಂತ್ರಿ. ಹೋಗೂದ ಇದ್ರ ಹಿಂದಿನ ದಿನಾನ ಚೀಲಾ ಒಯ್ದು ಮೂಡಲ ದಿಕ್ಕಿನ ಒಂದ್ ಮನ್ಯಾಗ ಇಡತಾರ. ಅಲ್ಲಿಗೆ ಪಯಣಾ ಸುರು ಆತು, ದೋಷಾ ಕಳೀತು.”

ಅವನು ಚನ್ನವ್ವನಿಗೆ ಫೋನ್ ಹಚ್ಚಿದ.

“ಚೀಲಾ ಎಲ್ಲಿ ಇಟ್ರಿ ತಂಗಿ?”

“ಸಿರಸಂಗಿ ಗಿರಣ್ಯಾಗ್ರಿ. ಮಧು ಸರ್ ಅಲ್ಲೇ ಇಡ್ರಿ ಅಂದ್ರು.”

ಪ್ರಸ್ಥಾನವನ್ನು ಇಡುವುದು ನೆರೆಮನೆಯಲ್ಲಿ. ಬೈಲಹೊಂಗಲದಿಂದ ಬಸ್ಸು ಹತ್ತಿ ಸಿರಸಂಗಿಗೆ ಒಯ್ಯುವವರನ್ನು ಸೋಮಪ್ಪ ತನ್ನ ಐವತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

ಶನಿವಾರ ಇಬ್ಬರೂ ಸವದತ್ತಿಗೆ ಹೋದರು. ಥಾಯ್ಲೆಂಡಿನ ಕೆಲಸಕ್ಕೆಂದು ಹೋದ ಜುಬೇದಾಬಿಯ ಮಗ ಉಮೇರ ಆಗಸ್ಟಿನಿಂದ ಕಾಣೆಯಾಗಿದ್ದಾನೆಂದು ಅಲ್ಲಿಯ ಠಾಣೆಯಲ್ಲಿ ದೂರು ಇತ್ತು. ಅವಳಲ್ಲಿಯೂ ಒಂದು ಕಾಗದ. ಹೊರಟದ್ದು ಹೈದರಾಬಾದಿನಿಂದ, ದಾರಿ ಬೇರೆ. ಆದರೆ ಅದೇ ಪ್ರಯಾಣ, ವಿಶ್ರಾಂತಿ, ದರ್ಶನ.

“ಚೀಲಾ ಮೊದ್ಲ ಎಲ್ಲಾದ್ರೂ ಇಟ್ಟಿದ್ರೇನ್ರಿ ಅಮ್ಮಾ?”

“ಹೂಂರಿ, ಸಿರಸಂಗಿ ಗಿರಣ್ಯಾಗ. ವಿಮಾನಕ್ಕ ತೂಕಾ ನೋಡಬೇಕು, ಹಿಂದಿನ ದಿನಾನ ತರ್ರಿ ಅಂದ್ರು. ಗಿರಣಿಯಾವ ಜೋಳಾ ತೂಗೂ ತಕ್ಕಡಿ ಮ್ಯಾಲ ಇಟ್ಟ.” ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. “ಸಾಬ್, ಚೀಲಾ ತೂಗಿದ್ನೋ, ನನ್ನ ಮಗನ್ನ ತೂಗಿದ್ನೋ?”

ಜೀಪಿನಲ್ಲಿ ಸೋಮಪ್ಪ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದ.

ಮರುದಿನ ರವಿವಾರ; ಸೋಮವಾರ ಹೊರಡುವವರ ಚೀಲ ಬರುವ ದಿನ, ಅದಕ್ಕೇ ಕಾದಿದ್ದರು. ಸಂಜೆ 4.15ಕ್ಕೆ ಇಬ್ಬರು ಪಂಚರೊಂದಿಗೆ ಗಿರಣಿ ಹೊಕ್ಕರು. ಹಿಟ್ಟಿನ ಧೂಳು. ಮೂಡಣ ಗೋಡೆಯ ಹಲಗೆಯ ಮೇಲೆ ಹೊಸ ಚೀಲವೊಂದು. ಕುಂಕುಮ ಹಚ್ಚಿ, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟಿತ್ತು. ಮೇಲೆ ಚೀಟಿ: ಬಸವಲಿಂಗ, ರಾಮದುರ್ಗ. ನಾಳೆ ಹೊರಡಬೇಕಾದವನು. ಒಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲೆಯ ಚೀಟಿ ಹರಿಯದ ಅಂಗಿ.

ಗಿರಣಿಯ ಮಾಲೀಕ ಸುಭಾಸ ಹಣೆತುಂಬ ವಿಭೂತಿ ಧರಿಸಿದ್ದ.

“ಬರ್ರಿ ಸಾಹೇಬ್ರ. ಕುಂದರ್ರಿ, ಚಾ ತರಸ್ತೇನಿ.”

“ಚೀಲಾ ಯಾರದು?”

“ಯಾರೋ ಇಟ್ಟ ಹೋಗ್ಯಾರ್ರಿ. ನಾ ಏನ ಬಲ್ಲೆ?”

ಸೋಮಪ್ಪ ಗೋಡೆ ನೋಡುತ್ತಿದ್ದ. ಮಾಸಿದ ಕೈಬರಹದ ಕರಪತ್ರವೊಂದು ಅಂಟಿತ್ತು: ಸುಭಾಸ ಹಿಂದೆ ನಡೆಸುತ್ತಿದ್ದ ಕಾಶಿ ಯಾತ್ರೆಯದು. ಪ್ರತಿ ಊರಿನ ಕೆಳಗೆ ಪ್ರಯಾಣ, ವಿಶ್ರಾಂತಿ, ದರ್ಶನ. ಅವನು ಚನ್ನವ್ವನ ಕಾಗದವನ್ನು ಅದರ ಪಕ್ಕದಲ್ಲಿ ಹಿಡಿದ.

“ಅಕ್ಷರಾ ಯಾರವು, ಮಧು ಸರ್?”

ಮೂಲೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಸುಭಾಸನ ಮಗ ಬಾಳೇಶ ಎದ್ದು ಬಂದ. ಬಲಗೈಯ ಮೂರು ಬೆರಳಿಗೆ ಉಗುರಿರಲಿಲ್ಲ.

“ಫೋನು ಜೋಳದ ಡಬ್ಬ್ಯಾಗ ಐತ್ರಿ. ಆ ಜಾಗಾದ ಹೆಸರ ನಾ ಹೇಳತೇನಿ. ಹನ್ನೊಂದ ತಿಂಗಳ ಅಲ್ಲೇ ಇದ್ದೆ.”

“ಬಾಯಿ ಮುಚ್ಚಲೇ!”

“ಸಾಕ ಮಾಡಪ್ಪಾ. ನೀ ಊದಬತ್ತಿ ಹಚ್ಚಿದಾಗೊಮ್ಮೆ ನಂಗ ವಾಂತಿ ಬರತೈತಿ.”

ಹೆಸರು ಸಿಕ್ಕಿತು. 4.50ಕ್ಕೆ ರಂಜನಾ ಹೊರಗೆ ನಿಂತು ರಾಯಭಾರ ಕಚೇರಿಗೆ ತಿಳಿಸಿದರು. ಪಂಚನಾಮೆ ಮುಗಿಸಿ 6.10ಕ್ಕೆ ಸುಭಾಸನನ್ನು ಬಂಧಿಸಿದರು.

ಠಾಣೆಯಲ್ಲಿ ಅವನ ಹೇಳಿಕೆಯನ್ನು ಸೋಮಪ್ಪನೇ ಬರೆದುಕೊಂಡ. ಮಗ ಅಲ್ಲಿ ಸಿಕ್ಕಿಬಿದ್ದಾಗ, ಇಬ್ಬರನ್ನು ಕಳಿಸಿದರೆ ಅವನನ್ನು ಬಿಡುತ್ತೇವೆ ಎಂದು ಕೋಟೆಯವರು ಹೇಳಿದ್ದರಂತೆ. ಇಬ್ಬರನ್ನು ಕಳಿಸಿದ, ಮಗ ಬಂದ. ಆದರೆ ಫೋನಿನಲ್ಲಿ ಆಮೇಲೆ ಹೋದ ಮೂವರ ಹೆಸರೂ ಇದ್ದವು.

“ಆಮ್ಯಾಲ ಮೂವರನ್ನ ಯಾಕ ಕಳಿಸಿದಿ?”

ಸುಭಾಸ ಹಿಟ್ಟು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ.

“ನನ್ನ ಯಾತ್ರಾ ಧಂದೆ ಮುಳುಗಿದಾಗ ಊರೆಲ್ಲಾ ನಕ್ಕಿತ್ರಿ. ಆ ಕೋಟಿಯವರು ಮಾತ್ರ ಶಹಭಾಸ್ ಅಂದ್ರು. ನಿನ್ನಂಗ ದಾರಿ ಹಾಕಾವ ಇಲ್ಲ ಅಂದ್ರು. ನಾ ಹಾಕಿದ ದಾರ್ಯಾಗ ಹ್ವಾದಾವ ಒಬ್ಬನೂ ವಿಮಾನ ನಿಲ್ದಾಣದಾಗ ಸಿಕ್ಕಬಿದ್ದಿಲ್ರಿ.”

“ಪ್ರಸ್ಥಾನಾ ಯಾಕ ಇಡಸ್ತಿದ್ದಿ?”

“ಹುಡುಗೂರಿಗೆ ಹಾದ್ಯಾಗ ವಿಘ್ನ ಆಗಬಾರದಲ್ರಿ. ಬ್ಯಾರೆ ಮನ್ಯಾಗ ಇಟ್ರ ಮೈಲಿಗಿ ಆಗತೈತಿ. ಅದಕ್ಕ ನನ್ನ ಗಿರಣ್ಯಾಗ.”

ಸೋಮಪ್ಪ ಅಂದದ್ದನ್ನು ಅಂದಂತೆಯೇ ಬರೆದು, ಸಹಿ ಹಾಕಿಸಿ, ಹಿತ್ತಿಲ ನಲ್ಲಿಗೆ ಹೋಗಿ ಮೊಳಕೈತನಕ ಕೈ ತೊಳೆದುಕೊಂಡ.

ಸೋಮವಾರ 11.30ಕ್ಕೆ ಸುದ್ದಿ ಬಂತು. ಆ ಕೋಟೆಯಿಂದ ಹೊರತಂದ ಇಪ್ಪತ್ತಾರು ಜನರಲ್ಲಿ ಸಂಜು ಇದ್ದ. ಉಮೇರನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಜುಬೇದಾಬಿಗೆ ಹೇಳಲು ರಂಜನಾ ತಾವೇ ಸವದತ್ತಿಗೆ ಹೊರಟರು.

ಚನ್ನವ್ವ ಠಾಣೆಯ ಬಾಗಿಲಲ್ಲಿ ನಿಂತಿದ್ದಳು.

“ಯಾವತ್ತ ಬರತಾನ್ರಿ?”

“ಶುಕ್ರವಾರ ಅಲ್ಲಿಂದ ಬಿಡತಾರಂತ,” ಎಂದ ಸೋಮಪ್ಪ ತಡೆದ. ಶುಕ್ರವಾರ ಪಡುವಲಕ್ಕೆ ಹೊರಡಬಾರದು. ಅದು ಅವಳಿಗೂ ಗೊತ್ತಿತ್ತು.

“ಯಾವ ವಾರಾನ ಇರಲಿ ಸಾಹೇಬ್ರ,” ಎಂದಳು ಚನ್ನವ್ವ. “ಬಂದ್ರ ಸಾಕು.”