ಉಪ್ಪು ಸರಿ ಇದೆಯಾ?

"ಬಾಯಿ ತೆರೀರಿ."

ಅವನು ಅವಳ ಜೊತೆ ಆಡಿದ ಮೊದಲ ಮಾತೇ ಅದು. ಕಡಲ ದಂಡೆಯ ಆ ರೆಸಾರ್ಟಿನ ಅಡುಗೆಮನೆಗೆ ಅವಳು ಸೂಪು, ಸಾಸುಗಳ ಕೆಲಸಕ್ಕೆ ಸೇರಿದ ದಿನ. ಮುಖ್ಯ ಶೆಫ್ ಅವಳನ್ನು ಉಗ್ರಾಣಕ್ಕೆ ಕರೆದು, ಬಾಗಿಲು ಅರೆಮುಚ್ಚಿ, ತುಟಿಯ ಹತ್ತಿರ ಚಮಚ ಹಿಡಿದಿದ್ದ.

ಯಾರಪ್ಪ ಈ ಒರಟ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅವನು ಕಣ್ಣು ತಪ್ಪಿಸಿ ಗೋಡೆಯತ್ತ ತಿರುಗಿದ.

"ಜ್ವರ ಬಂದು ಹೋದ್ಮೇಲೆ ನನಗೆ ರುಚಿನೇ ಗೊತ್ತಾಗ್ತಿಲ್ಲ," ಅಂದ, ಗೋಡೆಗೆ ಹೇಳುವವನ ಹಾಗೆ. "ಇಲ್ಲಿ ಯಾರಿಗೂ ಹೇಳಿಲ್ಲ. ಉಪ್ಪು ಸರಿ ಇದೆಯಾ, ಅಷ್ಟು ಹೇಳಿ ಸಾಕು."

ಅವಳು ಬಾಯಿ ತೆರೆದಳು.

ಅಂದಿನಿಂದ ಪ್ರತಿ ಸಂಜೆ, ಮೊದಲ ತಟ್ಟೆ ಹೊರಗೆ ಹೋಗುವ ಮುಂಚೆ, ಒಂದು ಚಮಚ. "ಉಪ್ಪು ಸರಿ ಇದೆಯಾ?" "ಇದೆ ಶೆಫ್." ಆ ಒಂದು ಚಮಚದ ನೆವದಲ್ಲಿ ಮನಸ್ಸು ಯಾವಾಗ ಜಾರಿತೋ ಅವಳಿಗೇ ತಿಳಿಯಲಿಲ್ಲ. ತಿಳಿದ ಮೇಲೆ ನೆಮ್ಮದಿ ಹಾರಿಹೋಯಿತು.

ಅವರಿಗೆ ಬೇಕಿರೋದು ನನ್ನ ನಾಲಿಗೆ, ನಾನಲ್ಲ... ರುಚಿ ವಾಪಸ್ ಬಂದ ದಿನ ನನ್ನ ಕಡೆ ತಿರುಗಿಯೂ ನೋಡಲ್ಲ.

ಪ್ರೀತಿಯಲ್ಲಿ ಬಿದ್ದವರಿಗೆ ಇಂಥ ಲೆಕ್ಕಾಚಾರಕ್ಕೆ ಎಲ್ಲಿಂದಲೋ ಪುರುಸೊತ್ತು ಸಿಗುತ್ತದೆ ನೋಡಿ!

ಆದರೆ ಈ ಸಂಜೆ ಅವಳಿಗೆ ಬೇರೆಯದೇ ಚಿಂತೆ. ಎಲ್ಲರೂ ಮಾವ ಎಂದೇ ಕರೆಯುವ ಹಿರಿಯ ವೇಟರ್ ಒಳಗೆ ಬಂದು ಪಿಸುಗುಟ್ಟಿದ್ದರು.

"ಮಾಲೀಕರು ಅತಿಥಿಗಳ ಜೊತೆ ಬಂದಿದ್ದಾರೆ ಕಣಮ್ಮ. ಶೆಫ್‌ಗೆ ರುಚಿ ಗೊತ್ತಾಗಲ್ಲ ಅಂತ ಯಾರೋ ಅವರ ಕಿವಿ ಊದಿದ್ದಾರೆ. ಊಟ ಒಂಚೂರು ಕೆಟ್ರೂ ಇವತ್ತೇ ಮನೆಗೆ ಕಳಿಸ್ತಾರಂತೆ."

ಬಾಗಿಲಿನ ದುಂಡು ಗಾಜಿನಾಚೆ ಬಿಳಿ ಹಾಸಿನ ಮೇಜುಗಳು, ಮೇಣದ ಬತ್ತಿಗಳು, ತೆಂಗಿನ ಮರಗಳಿಗೆ ಸುತ್ತಿದ ಸಣ್ಣ ದೀಪಗಳು. ಅಲ್ಲಿ ಎಲ್ಲರೂ ಮೆಲ್ಲಗೆ ನಗುತ್ತಿದ್ದರು. ಇಲ್ಲಿ ಅವಳು ಒಂದೇ ಪಾತ್ರೆಯ ಮುಚ್ಚಳ ಮೂರು ಸಲ ತೆಗೆದು ನೋಡಿದಳು.

ಆ ಗಾಬರಿಯಲ್ಲೇ ಕುದಿಯುವ ಸಾಸನ್ನು ಆರಲು ಬಿಡದೆ ಬಾಯಿಗಿಟ್ಟಳು. ನಾಲಿಗೆ ಚುರ್ರೆಂದಿತು. ನಿಂಬೆ ನೆಕ್ಕಿದಳು, ಸಕ್ಕರೆ ಬಾಯಿಗೆ ಹಾಕಿಕೊಂಡಳು. ಎರಡೂ ಒಂದೇ.

ಇವತ್ತೇ ಹೀಗಾಗಬೇಕಿತ್ತಾ ದೇವರೇ? ಹೇಳಿದ್ರೆ ಅವರು ಕುಸಿದೇ ಹೋಗ್ತಾರೆ...

ಆ ಅಡುಗೆಮನೆಯಲ್ಲಿ ಒಂದು ಪದ್ಧತಿ ಇತ್ತು. ಉಪ್ಪು ಹಾಕಿದವರು ಪಾತ್ರೆಯ ಹಿಡಿಗೆ ಬಿಳಿ ಬಟ್ಟೆ ಕಟ್ಟಬೇಕು, ಮತ್ತೊಬ್ಬರು ಮತ್ತೆ ಹಾಕದಿರಲಿ ಎಂದು. ಸೀಗಡಿ ಸೂಪಿನ ಪಾತ್ರೆಗೆ ಬಟ್ಟೆ ಇರಲಿಲ್ಲ. ಅವಳು ಉಪ್ಪು ಹಾಕಿದಳು. ಆಗಲೇ ಒಮ್ಮೆ ಹಾಕಿ, ಬಟ್ಟೆ ಕಟ್ಟಲು ಮರೆತವಳೂ ತಾನೇ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಅವನು ಚಮಚ ಹಿಡಿದು ಬಂದ.

"ಉಪ್ಪು ಸರಿ ಇದೆಯಾ?"

ಅವಳು ನುಂಗಿದಳು. ಬಿಸಿ ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

"ಇದೆ ಶೆಫ್."

ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಸೂಪು ಬಟ್ಟಲುಗಳಿಗೆ ಬಿತ್ತು. ಮಾವ ಟ್ರೇ ಎತ್ತಿದರು. ಅಷ್ಟರಲ್ಲಿ ಅವನು ಇನ್ನೊಂದು ಚಮಚದಲ್ಲಿ ಸೂಪು ತೆಗೆದು ತಾನೇ ಬಾಯಿಗಿಟ್ಟುಕೊಂಡ.

"ಮಾವ, ನಿಲ್ಲಿ. ಉಪ್ಪು ಹೆಚ್ಚಾಗಿದೆ."

ಬಟ್ಟಲುಗಳ ಸೂಪು ಮತ್ತೆ ಪಾತ್ರೆಗೆ ಹೋಯಿತು. ಅವನು ಸೀಗಡಿ ಬೇಯಿಸಿದ ಉಪ್ಪಿಲ್ಲದ ನೀರು ಸುರಿದ, ತೆಂಗಿನ ಹಾಲು ಬೆರೆಸಿದ, ರುಚಿ ನೋಡಿದ, ನಿಂಬೆ ಹಿಂಡಿದ, ಮತ್ತೆ ರುಚಿ ನೋಡಿದ.

"ಈಗ ತಗೊಂಡು ಹೋಗಿ."

ಅವಳು ಅವನ ಕೈಯ ಚಮಚವನ್ನೇ ನೋಡಿದಳು. ಇವರಿಗೆ ರುಚಿ ಗೊತ್ತಾಗುತ್ತೆ! ಹಾಗಾದ್ರೆ...

ಗಾಜಿನಾಚೆ ಮಾಲೀಕರು ಒಂದು ಚಮಚ ಕುಡಿದು ಕೆಳಗಿಟ್ಟರು. ಮಾವನಿಗೆ ಏನೋ ಹೇಳಿದರು. ಮಾವ ನಿಧಾನವಾಗಿ ನಡೆದು ಬಂದರು.

"ಇನ್ನೊಂದು ಬಟ್ಟಲು ಬೇಕಂತೆ," ಅಂದರು ಮಾವ. "ಕಿವಿ ಊದಿದವನಿಗೆ ನಾಳೆ ಪೂಜೆ ಇದೆಯಂತೆ."

ಊಟದ ಭರಾಟೆ ತಗ್ಗಿದ್ದೇ ತಡ, ಅವಳು ಅವನನ್ನು ಅದೇ ಉಗ್ರಾಣಕ್ಕೆ ಕರೆದಳು.

"ರುಚಿ ಯಾವಾಗ ವಾಪಸ್ ಬಂತು?"

"ಒಂದು ತಿಂಗಳಾಯ್ತು."

"ಮತ್ತೆ ದಿನಾ ನನ್ನ ಬಾಯಿಗೆ ಚಮಚ ಹಿಡೀತಿದ್ರಲ್ಲ? ನನ್ನ ಪರೀಕ್ಷೆ ಮಾಡ್ತಿದ್ರಾ?"

"ಇಲ್ಲ ಮಾರಾಯ್ರೆ." ಅವನ ಮುಖ ಕೆಂಪಾಯಿತು. "ಮೊದಲು ಗೊತ್ತಾಗಿದ್ದು ನಿಂಬೆ ಹುಳಿ. ಹೇಳೋಣ ಅಂತ ಓಡಿಬಂದೆ. ನೀವು ಆಗಲೇ ಬಾಯಿ ತೆರೆದು ನಿಂತಿದ್ರಿ. ಹೇಳಿಬಿಟ್ರೆ ನಾಳೆಯಿಂದ ಯಾವ ನೆಪ ಮಾಡಿ ಕರೀಲಿ?"

ಅವಳ ಕಣ್ಣು ತುಂಬಿ ಬಂತು. ಜೊತೆಗೆ ನಗುವೂ.

"ನಾನೂ ಸುಳ್ಳು ಹೇಳ್ದೆ. ನಾಲಿಗೆ ಸುಟ್ಟುಹೋಗಿದೆ. ನಿಮ್ಮ ಕೆಲಸ ಹೋಗಿದ್ರೆ ನಾನು..."

"ಗೊತ್ತು. ಪಾತ್ರೆಗೆ ಕಟ್ಟೋ ಬಟ್ಟೆ ಇನ್ನೂ ನಿಮ್ಮ ಹೆಗಲ ಮೇಲೇ ಇದೆ. ಅದನ್ನ ನೋಡೇ ಉಪ್ಪು ಎರಡು ಸಲ ಬಿದ್ದಿರಬಹುದು ಅಂತ ಅನುಮಾನ ಬಂತು."

ಅವಳು ಹೆಗಲು ಮುಟ್ಟಿ ನೋಡಿಕೊಂಡಳು. ನಾಚಿಕೆಯಿಂದ ತಲೆ ತಗ್ಗಿಸಿದಳು.

ಅವನು ಹೊರಗೆ ಹೋಗಿ ಚಮಚದಲ್ಲಿ ಒಂದು ಚೂರು ಮಂಜುಗಡ್ಡೆ ತಂದ.

"ಬಾಯಿ ತೆರಿ. ಉರಿ ಕಡಿಮೆ ಆಗುತ್ತೆ. ವಾಸಿಯಾಗೋವರೆಗೂ ನಿನ್ನ ಪಾಲಿನ ರುಚಿನೂ ನಾನೇ ನೋಡ್ತೀನಿ."

ಬಹುವಚನ ಬಿಟ್ಟಿದ್ದು ಅವನಿಗೆ ತಿಳಿದಿರಲಿಲ್ಲ. ಅವಳಿಗೆ ತಿಳಿಯಿತು.

"ವಾಸಿಯಾದ್ಮೇಲೆ ಯಾವ ನೆಪ ಹೇಳ್ತೀರಿ?"

"ಇನ್ನೂ ನೆಪ ಬೇಕಾ?"

"ಬೇಡ," ಅಂದು ಅವಳು ಬಾಯಿ ತೆರೆದಳು.