ಬಣ್ಣದ ಮೇಲಿನ ಆಣೆ

“ಬಣ್ಣ ಹಚ್ಚಿಕೊಂಡು ಈ ಜಾಗಾದಾಗ ಸುಳ್ಳ ಆಣಿ ಮಾಡಬ್ಯಾಡ್ರಿ, ತಮ್ಮಾ. ಉಳದದ್ದು ಏನಾರ ಮಾಡ್ರಿ.”

ಶರೀಫಸಾಬ ಇಷ್ಟು ಹೇಳಿ ಮತ್ತೆ ಮುಖಕ್ಕೆ ಬಳಿಯುವ ಬಿಳಿ ಬಣ್ಣ ಸಫೇದಾ ಅರೆಯತೊಡಗಿದ. ಹಿಂದೆ ನಾಟಕ ಕಂಪನಿಗಳಲ್ಲಿ ಪಾತ್ರಧಾರಿಗಳಿಗೆ ಬಣ್ಣ ಹಚ್ಚಿ ಮುದುಕನಾದವನು ಆತ. ಬಣ್ಣ ಹಚ್ಚಿಕೊಳ್ಳುತ್ತಿದ್ದ ಹುಡುಗರು ತಲೆಯಾಡಿಸಿದರು. ಕುಬೇರಪ್ಪ ಮಾತ್ರ ನಕ್ಕ.

೧೯೩೭ರ ಮಾತು. ಬೆಂಗೇರಿಯ ಅಂಚಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಹಳೆಯ ಕಟ್ಟಡವೊಂದಿತ್ತು. ಯಂತ್ರ ನಿಂತು ವರ್ಷಗಳಾಗಿದ್ದವು. ಒಳಗೆ ಹಳೇ ಅರಳೆಯ ಧೂಳು, ಕೆಟ್ಟ ಎಣ್ಣೆಯ ಕಮಟು, ಇಲಿಗಳ ವಾಸನೆ. ಬಿಸಿಲೇರಿದಂತೆ ತಗಡಿನ ಮಾಡು ಯಾರೋ ಮೇಲೆ ನಡೆದಾಡಿದಂತೆ ಟಕಟಕ ಎನ್ನುತ್ತಿತ್ತು. ಜಿನ್ನಿನ ಮಾಲಕನ ಮಗ ಮೈಲಾರಲಿಂಗಪ್ಪ, ಎಲ್ಲರ ಬಾಯಲ್ಲಿ ಮೈಲಾರಿ, ಅಲ್ಲಿ ತನ್ನ ಶಾಲೆಯ ಗೆಳೆಯರನ್ನು ಕೂಡಿಸಿ ನಾಟಕದ ತಾಲೀಮು ನಡೆಸುತ್ತಿದ್ದ. ಅವನೇ ರಾಜ. ಅಯ್ಯನೋರ ಮನೆಯ ಚನ್ನಯ್ಯ ರಾಣಿ. ಆ ಜೂನಿನಲ್ಲಷ್ಟೇ ಮುಂಬೈಯಿಂದ ಬಂದ ಕುಬೇರಪ್ಪನಿಗೆ ಸಖಿಯ ಪಾತ್ರ ಸಿಕ್ಕಿತ್ತು. ಮೂವರಿಗೂ ಹದಿನಾರರ ಆಸುಪಾಸು.

“ಯಾಕ ಮಾಡಬಾರದು, ಕಾಕಾ?” ಎಂದು ಕೇಳಿದ ಕುಬೇರಪ್ಪ.

“ಹನ್ನೆರಡ ವರ್ಷದ ಹಿಂದ ಇಲ್ಲೇ ಒಂದು ಕಂಪನಿ ಇಳದಿತ್ತು. ಫಕೀರಪ್ಪ ಅಂತ ಹುಡುಗ, ಹೆಣ್ಣಿನ ಪಾತ್ರ ಮಾಡಾಂವ. ಅವನ ಪಾತ್ರದ ಮ್ಯಾಲೆ ಕಣ್ಣಿಟ್ಟ ಗೆಳ್ಯಾ ಒಬ್ಬ, ‘ಇಂವ ಕಳ್ಳ’ ಅಂತ ಬಣ್ಣದ ಮುಖದಾಗ ಆಣಿ ಮಾಡಿದ. ಫಕೀರಪ್ಪನ್ನ ಬಡದು ಓಡಿಸಿದ್ರು. ಅಂವ ಬದುಕಿ ಉಳೀಲಿಲ್ಲ. ಅವರವ್ವ ಹೊಳೆವ್ವ ಬಂದು, ಮಗನ ಬಣ್ಣದ ಬಟ್ಟಲಾ, ಕರೀ ಕೋಳಿ ರಕ್ತಾ, ಸುಟ್ಟ ಕೂದಲಾ ಕೂಡಿಸಿ ಈ ನೆಲದಾಗ ಹುಗಿದ್ಳು. ಹಿಂಗ ಸುಳ್ಳಾಡಿದವನ ಬಣ್ಣ ಮತ್ತ ಇಳೀಬಾರದು ಅಂತ.”

“ಸಾಬೂನ ಹಚ್ಚಿ ತೊಳಕೋಬೇಕಿತ್ತು!” ಎಂದ ಕುಬೇರಪ್ಪ. ಬಣ್ಣದ ಕೆನ್ನೆಗೆ ಕೈ ಹಚ್ಚಿ, “ನಾನ ದಿಲ್ಲಿ ಬಾದಶಹಾ! ಆಣಿ!” ಎಂದು ಕೂಗಿದ. ಹುಡುಗರೆಲ್ಲ ನಕ್ಕರು.

ಶರೀಫಸಾಬ ನಗಲಿಲ್ಲ. “ಅದು ಆಟ. ಆಟಕ್ಕ ಆ ಶಾಪ ಹತ್ತೂದಿಲ್ಲ. ಒಬ್ಬರ ಬಾಳೇ ಸುಡೂ ಸುಳ್ಳಿಗೆ ಹತ್ತತೈತಿ.”

ಚನ್ನಯ್ಯ ರಾಣಿಯಾಗಿ ನಿಂತರೆ ತಾಲೀಮು ನೋಡುವವರ ಉಸಿರು ನಿಲ್ಲುತ್ತಿತ್ತು. ಕುಬೇರಪ್ಪ ಮಾತ್ರ ಹೊಟ್ಟೆಕಿಚ್ಚಿನಿಂದ ಮುಖ ತಿರುಗಿಸುತ್ತಿದ್ದ. ಆದರೂ ಇಬ್ಬರೂ ಗೆಳೆಯರು. ಒಂದು ಮಧ್ಯಾಹ್ನ ಉಳಿದುಹೋಗಿದ್ದ ಹಳೇ ಅರಳೆ ಮೂಟೆಗಳ ಮರೆಯಲ್ಲಿ ಕೂತಾಗ ಚನ್ನಯ್ಯ ತಲೆ ತಗ್ಗಿಸಿ ಹೇಳಿದ: “ಯಾರ ಮುಂದೂ ಹೇಳಬ್ಯಾಡ. ಸೀರಿ ಉಟ್ಟಾಗ ನನ್ನ ಜೀವಕ್ಕ ಹಾಯ್ ಅನಸ್ತೈತಿ. ನಾಟಕ ಮುಗದ್ರೂ ಬಿಚ್ಚಬಾರದು ಅನಸ್ತೈತಿ.”

‘ನನಗೂ’ ಎಂಬ ಮಾತು ಕುಬೇರಪ್ಪನ ಗಂಟಲಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು, “ಹುಚ್ಚ ಅದಿ” ಎಂದು ನಕ್ಕುಬಿಟ್ಟ. ಯಾಕೆಂದರೆ ರಾಣಿಯ ವೇಷಕ್ಕೆಂದು ತಂದಿಟ್ಟಿದ್ದ ಸೀರೆಯನ್ನು ಅವನು ಆಗಲೇ ಮೂರು ಸಲ ಕದ್ದು ಉಟ್ಟಿದ್ದ. ಮೈಲಾರಿಯ ಅಕ್ಕ ರೇಣವ್ವನ ಮದುವೆಯ ಇಳಕಲ್ ಸೀರೆ ಅದು. ಎಲ್ಲರಿಗಿಂತ ಮೊದಲೇ ಬಂದು, ಮುಖಕ್ಕೆ ಸಫೇದಾ ಬಳಿದು, ಒಡೆದ ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ನಾಲ್ಕನೆಯ ಸಲ ಉಟ್ಟಾಗ ಹೊರಗೆ ಹೆಜ್ಜೆಯ ಸಪ್ಪಳವಾಯಿತು. ಗಾಬರಿಯಲ್ಲಿ ಸೆರಗು ಗೂಟಕ್ಕೆ ಸಿಕ್ಕು ಪರ್ರನೆ ಹರಿಯಿತು. ಅದನ್ನು ಹಾಗೇ ಮಡಚಿ ಇಟ್ಟುಬಿಟ್ಟ.

ನಾಟಕಕ್ಕೆ ಮೂರು ದಿನವಿತ್ತು. ಎಲ್ಲರೂ ಬಣ್ಣ ಹಚ್ಚಿಕೊಂಡಾದ ಮೇಲೆ ಮೈಲಾರಿ ಸೀರೆಯ ಮಡಿಕೆ ಬಿಚ್ಚಿದ. ಸೆರಗು ಸೀಳಿತ್ತು. ಅದರ ತುಂಬ ಬಿಳಿ ಬೆರಳಿನ ಗುರುತು.

“ಯಾರ ಉಟ್ಟಾರ ಇದನ್ನ?”

ಎಲ್ಲರ ಕಣ್ಣು ಹೆಣ್ಣುಪಾತ್ರದ ಇಬ್ಬರ ಮೇಲೆ ಬಿತ್ತು. ಕುಬೇರಪ್ಪನ ಬೆರಳು ತಾನಾಗಿ ಎದ್ದಿತು.

“ಚನ್ನಯ್ಯ. ನಾ ಕಣ್ಣಾರೆ ನೋಡೇನಿ. ಬಣ್ಣದ ಮ್ಯಾಲಿನ ಆಣಿ.”

“ನಾ ಮುಟ್ಟಿಲ್ಲೋ!” ಚನ್ನಯ್ಯ ಚೀರಿದ.

“ಸೀರಿ ಉಟ್ರ ಜೀವಕ್ಕ ಹಾಯ್ ಅನಸ್ತೈತಿ ಅಂತ ನನ್ನ ಮುಂದ ಹೇಳ್ಯಾನ. ಬೇಕಂದ್ರ ಕೇಳ್ರಿ.”

ಆ ಮಾತು ನಿಜವಾಗಿತ್ತು. ಚನ್ನಯ್ಯ ಕುಬೇರಪ್ಪನನ್ನು ಒಮ್ಮೆ ನೋಡಿದ. ಹುಡುಗರು ಚನ್ನಯ್ಯನನ್ನು ಬಡಿದು, ಬಣ್ಣದ ಮುಖದಲ್ಲೇ ಬೀದಿಗೆ ನೂಕಿದರು. ದನ ಹೊಡೆದುಕೊಂಡು ಹೊರಟವರು, ನೀರು ತರುವ ಹೆಂಗಸರು, ಎಲ್ಲರೂ ನಿಂತು ನೋಡಿದರು. ಕೇಕೆ ದೂರದವರೆಗೂ ಕೇಳಿಸಿತು. ರಾಣಿಯ ಪಾತ್ರ ಕುಬೇರಪ್ಪನಿಗೆ ಬಂತು.

ಇಳಿಹೊತ್ತಿಗೆ ಅವನು ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿದ. ಅರಿವೆ ಸ್ವಚ್ಛವಾಗಿತ್ತು. ಮತ್ತೆ ಒರೆಸಿದ. ಸ್ವಚ್ಛ. ಸಾಬೂನು ಹಚ್ಚಿದ. ಬೂದಿ ಹಚ್ಚಿ ತಿಕ್ಕಿದ. ಉಗುರಿನಿಂದ ಕೆರೆದ. ಕೆರೆದದ್ದು ಗೊತ್ತಾಗಲಿಲ್ಲ. ಕೆನ್ನೆಯಲ್ಲಿ ಸ್ಪರ್ಶವೇ ಇರಲಿಲ್ಲ, ಸತ್ತವರ ಮುಖ ಮುಟ್ಟಿದಂತೆ ತಣ್ಣಗಿತ್ತು. ಬಣ್ಣದ ಬುಡದಿಂದ ಹಸಿ ರಕ್ತದ ವಾಸನೆ ಎದ್ದಿತು. ಸುಟ್ಟ ಕೂದಲಿನ ವಾಸನೆ.

ಆಣೆಯ ಹೊತ್ತಿಗೆ ಹೊರಗೆ ಹೋಗಿದ್ದ ಶರೀಫಸಾಬ ತಿರುಗಿ ಬಂದು ಆ ಮುಖ ನೋಡಿದ. ಅವನ ಕೈಯ ಬಟ್ಟಲು ಬಿದ್ದಿತು.

“ಏನ ಸುಳ್ಳಾಡಿದಿ, ಮಗನ?”

“ಏನಿಲ್ಲ.”

ಕನ್ನಡಿಯಲ್ಲಿ ಮೇಲುತುಟಿಯ ಮೇಲಿನ ಬಣ್ಣ ಒಂದು ಗೆರೆಯಷ್ಟು ಮೇಲೆ ಸರಿಯಿತು. ತೆಳ್ಳಗೆ, ಇರುವೆಯ ಸಾಲಿನಂತೆ, ಮೂಗಿನ ಹೊಳ್ಳೆಯ ಕಡೆಗೆ.

“ಮೊದಲ ಸುಳ್ಳಾಡಿದಾಂವ ಏನಾದ, ಕಾಕಾ?” ಕುಬೇರಪ್ಪ ಕೇಳಿದ.

“ಹೆಣದ ಮುಖಾ ನಾನ ತೊಳದೇನಿ. ಮೂಗಿನಾಗ ಬಣ್ಣ. ಗಂಟಲದಾಗ ಬಣ್ಣ. ಲಗೂ ಹೋಗು. ಯಾರ ಮುಂದ ಆಡಿದ್ಯೋ, ಯಾರ ಮ್ಯಾಲೆ ಆಡಿದ್ಯೋ, ಎಲ್ಲಾರ ಮುಂದ ಪೂರ್ತಿ ಖರೇ ಹೇಳು.”

ಅವನು ಹೋಗಲಿಲ್ಲ. ನಾಚಿಕೆ ಕಾಲು ಕಟ್ಟಿತು. ಹಲ್ಲುನೋವೆಂದು ಮನೆಯಲ್ಲಿ ಸುಳ್ಳು ಹೇಳಿ ಮುಖಕ್ಕೆ ಅರಿವೆ ಸುತ್ತಿಕೊಂಡು ಮಲಗಿದ. ಬೆಳಿಗ್ಗೆ ಒಂದೇ ಹೊಳ್ಳೆಯಲ್ಲಿ ಉಸಿರಾಡುತ್ತಿತ್ತು. ಬಾಯೊಳಗೆಲ್ಲ ಸಫೇದದ ಕಹಿ.

ಆಗ ಓಡಿದ. ಮೈಲಾರಿಯ ಮನೆಗೆ ಹೋಗಿ, ಅಲ್ಲಿದ್ದ ಹುಡುಗರನ್ನೆಲ್ಲ, “ನನ್ನ ಜೋಡಿ ಬರ್ರೆಪಾ” ಎಂದು ಬೇಡಿಕೊಂಡ. ಅರಿವೆ ಸರಿದು ಮುಖ ಕಂಡ ಮೈಲಾರಿ ಎರಡು ಹೆಜ್ಜೆ ಹಿಂದೆ ಸರಿದ. ಚನ್ನಯ್ಯನ ಮನೆಗೆ ಕೀಲಿ ಹಾಕಿತ್ತು. “ಗದಗಿಗೆ ಸೋದರಮಾವನ ಮನಿಗೆ ಕಳಸಾಕತ್ತಾರ. ಠೇಸನ್ನಿಗೆ ಹೋದ್ರು” ಎಂದಳು ನೆರೆಯ ಮುದುಕಿ.

ಬೆಂಗೇರಿಯಿಂದ ರೈಲು ಠೇಸನ್ನಿನವರೆಗೆ ಬಿಸಿಲಲ್ಲಿ ಓಡಿದ. ಮೈಲಾರಿ ಮತ್ತು ಹುಡುಗರು ಬೆನ್ನ ಹಿಂದೆ ಓಡಿ ಬಂದರು. ಅರಿವೆ ಎಲ್ಲೋ ಬಿತ್ತು. ಹೆಣ್ಣಿನ ಮುಖ, ಗಂಡು ಅಂಗಿ. ಅಂಗಡಿಯವರು ಎದ್ದು ನಿಂತರು. ಟಾಂಗಾದವರು ಸೀಟಿ ಹೊಡೆದರು. “ಏ ಚೆಲುವಿ!” ಅಂದರು. ಮಕ್ಕಳು ಕಲ್ಲು ಒಗೆದರು. ನಿನ್ನೆ ಚನ್ನಯ್ಯ ಹೀಗೇ ನಡೆದುಹೋಗಿದ್ದ. ಆ ನೆನಪು ಕಲ್ಲಿಗಿಂತ ಜೋರಾಗಿ ಬಡಿಯಿತು.

ಗಾಡಿ ನಿಂತಿತ್ತು. ಜನ ತುಂಬಿದ್ದರು. ಚನ್ನಯ್ಯ ತಂದೆಯ ಪಕ್ಕದಲ್ಲಿ ಗಂಟು ಹಿಡಿದು ನಿಂತಿದ್ದ. ತುಟಿ ಒಡೆದಿತ್ತು. ಸುದ್ದಿ ಕೇಳಿ ಕುಬೇರಪ್ಪನ ತಂದೆಯೂ ತನ್ನ ಅಂಗಡಿಯಿಂದ ಓಡಿ ಬಂದಿದ್ದ.

“ಸೀರಿ ಹರದಾಂವ ಚನ್ನಯ್ಯ ಅಲ್ಲ” ಎಂದ ಕುಬೇರಪ್ಪ ಏದುಸಿರು ಬಿಡುತ್ತ.

“ಮತ್ಯಾರು?” ಮೈಲಾರಿ ಕೇಳಿದ.

ಕುಬೇರಪ್ಪ ಸುತ್ತ ನೋಡಿದ. ತಂದೆಯ ರುಮಾಲು ಕಂಡಿತು. “ಗೊತ್ತಿಲ್ಲ.”

ಎರಡನೆಯ ಹೊಳ್ಳೆ ಮುಚ್ಚಿತು. ತುಟಿ ಬಿಗಿಯಿತು. ಉಸಿರಿಲ್ಲ. ಕಿವಿಯಲ್ಲಿ ಗುಂಯ್. ಬೆಳಕು ಕಪ್ಪಾಯಿತು. ಮಣ್ಣಿನ ವಾಸನೆ. ಯಾರದೋ ತಣ್ಣನೆಯ ಬೆರಳು ಒಳಗಿನಿಂದ ಅವನ ಮುಖ ಬಳಿಯುತ್ತಿತ್ತು. ನಿಧಾನವಾಗಿ. ಮಗನಿಗೆ ತಾಯಿ ಬಳಿದಂತೆ. ಮೊಣಕಾಲು ನೆಲಕ್ಕೆ ಬಿದ್ದವು. ಹಲ್ಲಿನಿಂದ ತುಟಿ ಹರಿದುಕೊಂಡು ಬಾಯಿ ತೆರೆದ.

“ನಾನು! ಉಟ್ಟಾಂವ ನಾನು. ಹರದಾಂವ ನಾನು. ಅಂವ ಹೇಳಿದ ಆಸೆ ನಂದೂ ಐತಿ. ನಾಚಿ ಅವನ ಮ್ಯಾಲೆ ಹಾಕಿದೆ!”

ಉಸಿರು ನುಗ್ಗಿತು. ಮುಖದ ತುಂಬ ಬಣ್ಣ ನೀರಾಗಿ ಹರಿಯಿತು. ಯಾರೂ ಹತ್ತಿರ ಬರಲಿಲ್ಲ. ಚನ್ನಯ್ಯನೇ ಬಗ್ಗಿ ತನ್ನ ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿದ.

“ಚನ್ನಯ್ಯ, ತಿರುಗಿ ಬಾರೋ.”

“ಇಲ್ಲ. ನನಗ ಇನ್ನೂ ನಿನ್ನ ಮುಖಾ ನೋಡಾಕ ಆಗವಲ್ದು.” ಗಾಡಿ ಸೀಟಿ ಹಾಕಿತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದ. “ಆಸೆಗೆ ನಾಚಬ್ಯಾಡ, ಕುಬೇರಾ. ನಾನಂತೂ ಇನ್ನ ನಾಚೂದಿಲ್ಲ. ನೀ ಮಾಡಿದ್ದಕ್ಕ ನಾಚು.”

ಗಾಡಿ ಹೋಯಿತು. ಕುಬೇರಪ್ಪನಿಗೆ ಅಳಬೇಕೆನಿಸಿತು. ಎದೆ ಒಡೆಯುತ್ತಿತ್ತು. ಆದರೆ ಕಣ್ಣು ಒದ್ದೆಯಾಗಲಿಲ್ಲ. ಹುಬ್ಬು ಕದಲಲಿಲ್ಲ. ಕೆನ್ನೆ ಮುಟ್ಟಿಕೊಂಡ. ತಣ್ಣಗಿತ್ತು. ಬಣ್ಣ ಹೋಗಿತ್ತು, ಅದರ ಕೆಳಗಿನ ಮುಖ ಮಾತ್ರ ಮತ್ತೆ ಜೀವ ತಳೆಯಲಿಲ್ಲ. ಆಮೇಲೆ ಬಾಳಿನುದ್ದಕ್ಕೂ ಅದು ನಗಲಿಲ್ಲ, ಅಳಲಿಲ್ಲ, ಕೆಂಪೇರಲಿಲ್ಲ.

ತಲೆ ಎತ್ತಿ ತಂದೆಯನ್ನು ನೋಡಿದ. ನೆಲ ಬಾಯ್ತೆರೆದರೆ ಇಳಿದುಹೋಗುವಷ್ಟು ನಾಚಿಕೆ ಒಳಗೆ ಉರಿಯುತ್ತಿತ್ತು. ತಂದೆ ಅವನ ಕಲ್ಲಿನಂಥ ಮುಖವನ್ನು ಬಹಳ ಹೊತ್ತು ದಿಟ್ಟಿಸಿದ. ಬಳಿಕ ನೆರೆದ ಮಂದಿಯ ಕಡೆ ತಿರುಗಿದ.

“ಇಷ್ಟ ಆದ ಮ್ಯಾಲೂ ನೋಡ್ರಿ” ಎಂದ. “ಈ ಮುಖದಾಗ ಒಂದೀಟರ ನಾಚಿಕಿ ಐತೇನು?”